ಚಿಗರಿಯ ಗೂಡು

ಬೈಲಹೊಂಗಲ
೧೪ ಜೂನ್ ೧೯೯೮

ಚಿ. ಶಿವಾನಿಗೆ ನಿನ್ನ ಆಯಿಯ ಆಶೀರ್ವಾದ.

ನಿನ್ನನ್ನು ಕಿತ್ತೂರಿನ ವಸತಿ ಶಾಲೆಗೆ ಬಿಟ್ಟು ಬಂದ ಮೇಲೆ ಬರೆಯುತ್ತಿರುವ ಮೊದಲ ಕಾಗದ ಇದು. ಮನೆಯಲ್ಲಿ ಫೋನು ಇದೆ. ನಿನ್ನ ಅಪ್ಪ ಗೌರೀಶ ದಿನಾ ಸಂಜೆ ಹತ್ತಿ ವ್ಯಾಪಾರದ ಅಡತಿ ಅಂಗಡಿಯಿಂದ ಬಂದವನೇ ಅದರ ಮುಂದೆ ನಿಂತು ನನ್ನ ಮುಖ ನೋಡುತ್ತಾನೆ. ನಾನೇ ಬೇಡವೆಂದೆ. ಫೋನಿನಲ್ಲಿ ದನಿ ಕೇಳಿದ ಕೂಡಲೇ ಮಕ್ಕಳು ಅಳುತ್ತಾರೆ, ದೊಡ್ಡವರು ಕರಗುತ್ತಾರೆ. ಕಾಗದ ಬರೆಯುವವರು ಕುಳಿತು ಯೋಚಿಸಬೇಕಾಗುತ್ತದೆ. ನಿನ್ನ ಅಕ್ಷರವೂ ಸುಧಾರಿಸುತ್ತದೆ.

ಗೇಟಿನ ಹತ್ತಿರ ನೀನು ಅಳಲಿಲ್ಲ. ನಿನ್ನ ಅವ್ವ ಮಧು ಅತ್ತಳು, ನೀನು ಅಳಲಿಲ್ಲ. ನಾನು ನೋಡಿದೆ. ಅಳದೆ ಹೋದರೆ ನಾಯಿಮರಿ ನಮ್ಮ ಮನೆಯಲ್ಲಿ ಇರುತ್ತದೆ ಎಂದು ಹೇಳಿದ್ದೆ. ನೀನು ನಿನ್ನ ಮಾತು ನಡೆಸಿದೆ, ನಾನು ನನ್ನದು ನಡೆಸುತ್ತೇನೆ. ಚಿಗರಿ ಇಲ್ಲೇ ಇದೆ.

ಆದರೆ ಅದು ಇನ್ನು ನಿನ್ನ ಹಾಗೆ ಕಟ್ಟೆಯ ಮೇಲೆ ಮಲಗಿಸಿಕೊಂಡು ಮುದ್ದು ಮಾಡುವವರ ಕೈಯಲ್ಲಿಲ್ಲ. ಬಡಿಗ ಮುದಕಪ್ಪನಿಂದ ಸರಳಿನ ಬಾಗಿಲಿನ ಗೂಡು ಮಾಡಿಸಿದ್ದೇನೆ. ಕರು ಮಲಗುವಷ್ಟು ದೊಡ್ಡದು. ಬೆಳೆಯುವ ನಾಯಿ, ಮತ್ತೆ ಮತ್ತೆ ಮಾಡಿಸುವುದಾಗುವುದಿಲ್ಲ. ಗೂಡನ್ನು ಕೊಟ್ಟಿಗೆಯಲ್ಲಿ ಆಕಳ ಆಚೆ ಬದಿಗೆ ಇಟ್ಟಿದ್ದೇನೆ. ಕತ್ತಲಾದ ಮೇಲೆ ಅದನ್ನು ಒಳಗೆ ಹಾಕಿ ಚಿಲಕ ಹಾಕಿಸುತ್ತೇನೆ. ಬೆಳಗ್ಗೆ ನೋಡಿದರೆ ಒಂದು ಮೂಲೆ ಹೊಲಸು ಮಾಡಿ ಇನ್ನೊಂದು ಮೂಲೆಯಲ್ಲಿ ಮುದುಡಿಕೊಂಡಿರುತ್ತದೆ. ದಿನಾ ಇದೇ ಆಯಿತು. ಲಿಂಗಪೂಜೆ ನಡೆಯುವ ಮನೆ, ಆ ವಾಸನೆ ಹೇಗೆ ಸಹಿಸಲಿ? ಗೂಡು ತೊಳೆಸಿ, ಗೋಮೂತ್ರ ಸಿಂಪಡಿಸಿ, ಸಗಣಿ ಸಾರಿಸಿ ಶುದ್ಧ ಮಾಡಿಸುತ್ತೇನೆ.

ನಿನ್ನ ಸೋದರಮಾವ ದುಂಡಪ್ಪ ರಾಮದುರ್ಗದಿಂದ ಬಂದಿದ್ದ. ಮರಿಯನ್ನು ತಂದುಕೊಟ್ಟವನು ತಾನೇ ಎಂಬ ಗತ್ತು. “ಅತ್ತ್ಯಾರ, ಇದು ಮುಧೋಳ ಜಾತಿ ನಾಯಿರಿ, ಮೊಲಾ ಹಿಡಿಯೂದು. ನೀವು ಇದನ್ನ ಮೊಲದಾಂಗ ಗೂಡಿನ್ಯಾಗ ಇಟ್ಟೀರಲ್ರಿ!” ಎಂದ. “ನಿನ್ನ ಮೊಲಾ ಹಿಡಿಯೂದು ಆಮ್ಯಾಲ, ಮೊದಲ ಅದು ತನ್ನ ಉಚ್ಚಿ ಹಿಡಕೊಳ್ಳೂದು ಕಲೀಲಿ” ಎಂದೆ. ಚಹಾ ಕುಡಿಯದೆ ಎದ್ದು ಹೋಗಬೇಕೆಂದಿದ್ದ, ಮಧು ಬಿಡಲಿಲ್ಲ.

ಚೆನ್ನಾಗಿ ಓದು. ಊಟದ ತಾಟಿನಲ್ಲಿ ಏನೂ ಬಿಡಬೇಡ.

ನಿನ್ನ ಆಯಿ
ಗುರವ್ವ

---

ಕಿತ್ತೂರು
೨೮ ಜೂನ್ ೧೯೯೮

ಆಯಿಗೆ ನಿಮ್ಮ ಮೊಮ್ಮಗಳು ಶಿವಾನಿಯ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ನಾನು ಚೆನ್ನಾಗಿ ಓದುತ್ತಿದ್ದೇನೆ. ತಾಟಿನಲ್ಲಿ ಏನೂ ಬಿಡುವುದಿಲ್ಲ. ನನಗೆ ಮೇಲಿನ ಮಂಚ ಕೊಟ್ಟಿದ್ದರು, ಈಗ ಕೆಳಗಿನದು ಕೊಟ್ಟಿದ್ದಾರೆ. ವಾರ್ಡನ್ ಬಾಯಿ ಒಳ್ಳೆಯವರು. ಹುಡುಗಿಯರು ಸ್ವಲ್ಪ ನಗುತ್ತಾರೆ.

ಆಯಿ, ಇಲ್ಲಿ ಬಹಳ ಮಳೆ. ಇನ್ನೊಂದು ಕೌದಿ ಕಳಿಸಿಕೊಡಿರಿ. ನೀವು ಹೊಲಿದುಕೊಟ್ಟದ್ದು ದಪ್ಪ ಇದೆ. ಅದು ಒಣಗುವುದಿಲ್ಲ.

ಚಿಗರಿಯನ್ನು ಬೈಯಬೇಡಿರಿ. ಅದು ಬೇಕೆಂದು ಮಾಡುವುದಿಲ್ಲ. ನಿದ್ದೆಯಲ್ಲಿ ಆಗಿರುತ್ತದೆ. ಎಚ್ಚರಾದಾಗ ಎಲ್ಲರಿಗಿಂತ ಮೊದಲು ಅದಕ್ಕೇ ಗೊತ್ತಾಗಿರುತ್ತದೆ.

ನಾನು ಇನ್ನೂ ಅತ್ತಿಲ್ಲ.

ನಿಮ್ಮ
ಶಿವಾನಿ

---

ಬೈಲಹೊಂಗಲ
೯ ಜುಲೈ ೧೯೯೮

ಚಿ. ಶಿವಾನಿಗೆ ಆಯಿಯ ಆಶೀರ್ವಾದ.

ಕೌದಿ ಒಂದು ಸಾಕು. ಮಳೆ ಬೈಲಹೊಂಗಲದಲ್ಲಿಯೂ ಬರುತ್ತದೆ. ಎಲ್ಲ ಮಕ್ಕಳಿಗೂ ಒಂದೇ ಇರುವಾಗ ನಿನಗೆ ಮಾತ್ರ ಎರಡು ಎಂದರೆ ಚೆಂದ ಕಾಣುವುದಿಲ್ಲ. ಹೊದೆಯುವ ಕೌದಿಯನ್ನು ಮಳೆಯಲ್ಲಿ ಏಕೆ ತೋಯಿಸುತ್ತೀ? ಕಿಟಕಿಯಿಂದ ದೂರ ಇಡು.

ನಾನು ಮ್ಯಾಟ್ರಿಕ್ ಪಾಸಾದಾಗ ನನ್ನ ಅಪ್ಪ ಮುಂದೆ ಓದಲು ಧಾರವಾಡಕ್ಕೆ ಕಳಿಸಲಿಲ್ಲ. ಹೆಣ್ಣುಮಗಳು ಹಾಸ್ಟೆಲಿನಲ್ಲಿ ಇರಲಾರಳು ಎಂದ. ಇರಬಲ್ಲಳು ಎಂದು ತೋರಿಸಲು ನನಗೆ ಅವಕಾಶವೇ ಸಿಗಲಿಲ್ಲ. ನಿನಗೆ ಸಿಕ್ಕಿದೆ. ಓಣಿಯವರೆಲ್ಲ ಕೇಳುತ್ತಾರೆ, “ಹುಡುಗಿ ಹೊಂದಿಕೊಂಡ್ಳೇನ್ರಿ?” ಎಂದು. “ಗುರವ್ವನ ಮೊಮ್ಮಗಳದಾಳ, ಹೊಂದಿಕೊಳ್ಳದ ಏನು ಮಾಡ್ತಾಳ?” ಎನ್ನುತ್ತೇನೆ.

ಚಿಗರಿಯ ಪಾಡು ಹಾಗೇ ಇದೆ. ಸಂಜೆ ನೀರು ನಿಲ್ಲಿಸಿದೆ, ಬೆಳಗಿನ ಹಾಲು ಕಡಿಮೆ ಮಾಡಿದೆ, ಹೊಲಸಿನ ಹತ್ತಿರ ಮೂತಿ ಒಯ್ದು ಗದರಿಸಿದೆ. ಈಗ ನನ್ನ ಸೀರೆಯ ಅಂಚು ಕಂಡರೆ ಗೂಡಿನ ಹಿಂಬದಿಗೆ ಸರಿಯುತ್ತದೆ. ಅಲ್ಲಿಯೂ ತೊಯ್ದಿರುತ್ತದೆ. ಪಕ್ಕದ ಮನೆಯ ಚನ್ನವ್ವ ಗೋಡೆಯ ಮೇಲಿಂದ ಇಣುಕಿ, “ಏನ ಗುರವ್ವಕ್ಕ, ಮೊಮ್ಮಗಳನ್ನ ಸಾಲಿಗಿ ಕಳಿಸಿ ನೀ ಮನ್ಯಾಗ ನಾಯಿಗಿ ಸಾಲಿ ತಗದೀಯಂತಲ್ಲ! ಎಷ್ಟನೇ ಇಯತ್ತಾ ಈಗ?” ಎಂದು ನಕ್ಕಳು. ನನ್ನನ್ನು ನೋಡಿ ಯಾರೂ ನಕ್ಕವರಿಲ್ಲ, ಶಿವಾನಿ. ನಾಯಿಯೊಂದು ನಗಿಸಿತು.

ಅದಕ್ಕೆ ಒಂದು ಮಾತು ಹೇಳಿಬಿಟ್ಟಿದ್ದೇನೆ, ನಿನಗೂ ಬರೆಯುತ್ತೇನೆ. ಗೂಡು ಹೊಲಸು ಮಾಡುವ ನಾಯಿ ಈ ಮನೆಯಲ್ಲಿ ದೀಪಾವಳಿಯ ದೀಪ ನೋಡುವುದಿಲ್ಲ. ಅಷ್ಟರಲ್ಲಿ ಕಲಿತರೆ ಇರುತ್ತದೆ. ಇಲ್ಲದಿದ್ದರೆ ದುಂಡಪ್ಪ ಒಯ್ಯಲಿ.

ನಿನ್ನ ಆಯಿ
ಗುರವ್ವ

---

ಕಿತ್ತೂರು
೨೦ ಜುಲೈ ೧೯೯೮

ಆಯಿಗೆ ಶಿವಾನಿಯ ನಮಸ್ಕಾರಗಳು.

ಪಂಚಮಿಗೆ ಇಲ್ಲಿ ಒಂದೇ ದಿನ ರಜೆ. ಮನೆಗೆ ಕಳಿಸುವುದಿಲ್ಲ. ಹಬ್ಬದ ಹಿಂದಿನ ರವಿವಾರ ಮನೆಯವರು ಬಂದು ನೋಡಬಹುದು. ಅವ್ವ ಒಬ್ಬಳೇ ಬರಲಿ. ನಿಮಗೆ ಬಸ್ಸಿನಲ್ಲಿ ತ್ರಾಸಾಗುತ್ತದೆ.

ಚಿಗರಿಗೆ ಸಂಜೆ ನೀರು ನಿಲ್ಲಿಸಬೇಡಿರಿ. ನಾನು ಮಾಡಿ ನೋಡಿದ್ದೇನೆ. ನೀರು ಕುಡಿಯದಿದ್ದರೂ ಆಗುತ್ತದೆ. ಬಾಯಿ ಮಾತ್ರ ಒಣಗುತ್ತದೆ.

ನಿಮ್ಮ
ಶಿವಾನಿ

---

ಬೈಲಹೊಂಗಲ
೩ ಆಗಸ್ಟ್ ೧೯೯೮

ಚಿ. ಶಿವಾನಿಗೆ ಆಯಿಯ ಆಶೀರ್ವಾದ.

ಪಂಚಮಿ ಹಬ್ಬ ಆಯಿತು. ಜೋಕಾಲಿ ಕಟ್ಟಿಸಲಿಲ್ಲ. ಆಡುವವರಿಲ್ಲದೆ ಹಗ್ಗ ಏಕೆ? ನಿನ್ನ ಅವ್ವ ನಿನಗೆ ಶೇಂಗಾ ಉಂಡಿ, ಎಳ್ಳುಂಡಿ ಕೊಟ್ಟು ಬಂದಳು. ಬರುವಾಗ ನಿನ್ನ ಕೌದಿ ಒಗೆಯಲು ತಂದಿದ್ದಳು. “ಹುಡುಗಿ ಹ್ಯಾಂಗದಾಳ?” ಎಂದೆ. “ಛಲೋ ಅದಾಳ್ರಿ ಅತ್ತಿ” ಎಂದಳು. “ಕೌದಿ ಯಾಕ ತಂದಿ?” ಎಂದೆ. “ಮಳ್ಯಾಗ ತೋಯ್ದೈತ್ರಿ” ಎಂದಳು. ಬಚ್ಚಲ ಬಾಗಿಲು ಹಾಕಿಕೊಂಡು ಒಗೆದಳು. ಮೂರನೇ ದಿನ ನಿನ್ನ ಅಪ್ಪ ಹುಬ್ಬಳ್ಳಿಗೆ ಹೋಗುವಾಗ ಶಾಲೆಯ ಕಚೇರಿಯಲ್ಲಿ ಕೊಟ್ಟು ಹೋಗಿದ್ದಾನೆ. ಸಿಕ್ಕಿರಬೇಕು.

ನೀನು ಬರೆದ ಮೇಲೆ ಚಿಗರಿಗೆ ಸಂಜೆಯ ನೀರು ಮತ್ತೆ ಇಡಿಸಿದೆ. ನಾಯಿಗೆ ನೀರು ಕೊಡದ ಮನೆ ಎಂದು ಅನ್ನಿಸಿಕೊಳ್ಳುವುದು ಬೇಡ.

ಇನ್ನೊಂದು ಸಂಗತಿ. ಬರೆಯದೆ ಬಿಡಬಹುದಿತ್ತು, ಆದರೆ ನಾಯಿ ನಿನ್ನದು. ಮೊನ್ನೆ ಬೆಳಗ್ಗೆ ನಾನೇ ಕೊಟ್ಟಿಗೆಯಲ್ಲಿ ಮಣೆ ಹಾಕಿಕೊಂಡು ಕುಳಿತು ನೋಡಿದೆ. ಚಿಲಕ ತೆಗೆದ ಕೂಡಲೇ ಚಿಗರಿ ಆಕಳು ಉಚ್ಚೆ ಹೊಯ್ದಿದ್ದ ಜಾಗಕ್ಕೆ ಓಡಿತು, ಮೂಸಿತು, ಅಲ್ಲೇ ತನ್ನದನ್ನೂ ಮುಗಿಸಿತು. ಸರಿ ಎಂದುಕೊಂಡೆ. ಅಷ್ಟರಲ್ಲಿ ಮಧು ಗೂಡು ತೊಳೆದು ಗೋಮೂತ್ರ ಸಿಂಪಡಿಸಿದ್ದಳು. ಚಿಗರಿ ಆ ಗೂಡನ್ನೂ ಮೂಸಿತು. ಒಳಗೆ ಹೋಗಿ ಅದೇ ಮೂಲೆಯಲ್ಲಿ ಮತ್ತೆ ಉಚ್ಚೆಗೆ ಕುಳಿತಿತು.

ಮಧು ನನ್ನ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. “ನಗೂದಿದ್ರ ನಕ್ಕಬಿಡ” ಎಂದೆ. “ನಗೂದಲ್ರಿ ಅತ್ತಿ. ನಾವು ಶುದ್ಧ ಮಾಡೇವಿ ಅಂತ ತಿಳಕೊಂಡೀವಿ. ಇವರು ನನಗ ಜಾಗಾ ತೋರಸಾಕತ್ತಾರ ಅಂತ ಅದು ತಿಳಕೊಂಡೈತಿ” ಎಂದಳು. ಆಮೇಲೆ ಇಬ್ಬರೂ ನಕ್ಕೆವು. ಅವಳು ಈ ಮನೆಗೆ ಬಂದ ಮೇಲೆ ನಾವಿಬ್ಬರೂ ಕೂಡಿ ನಕ್ಕದ್ದು ನನಗೆ ನೆನಪಿಲ್ಲ.

ದಿನಾ ನಾನೇ ಅದಕ್ಕೆ ತಪ್ಪು ಕಲಿಸಿ ನಾನೇ ಗದರಿಸುತ್ತಿದ್ದೆ ಎಂದಾಯಿತು. ಈಗ ಬಿಸಿನೀರು, ಸಾಬೂನು, ಬಿಸಿಲು, ಇಷ್ಟೇ. ಗೂಡಿನ ನಡುವೆ ಹಲಗೆ ಹಾಕಿಸಿ ಚಿಕ್ಕದು ಮಾಡಿಸಿದೆ. ತಿಂದ ಮೇಲೆ, ಮಲಗಿ ಎದ್ದ ಮೇಲೆ ಹಿತ್ತಲಿಗೆ ಬಿಡಿಸುತ್ತೇನೆ. ಹಗಲಿನಲ್ಲಿ ಗೂಡು ಒಣಗಿರುತ್ತದೆ. ಕತ್ತಲಾದ ಮೇಲಿನದು ಇನ್ನೂ ಸರಿಹೋಗಿಲ್ಲ.

ಕಾಗದ ಬರೆ.

ನಿನ್ನ ಆಯಿ
ಗುರವ್ವ

---

ಬೈಲಹೊಂಗಲ
೩೦ ಆಗಸ್ಟ್ ೧೯೯೮

ಚಿ. ಶಿವಾನಿಗೆ ಆಯಿಯ ಆಶೀರ್ವಾದ.

ನಿನ್ನ ಕಾಗದ ಬಂದಿಲ್ಲ. ಪರೀಕ್ಷೆ ಇರಬೇಕು.

ಈಗ ಮಧ್ಯಾಹ್ನ ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತೇನೆ. ಪೋಸ್ಟಿನ ಶಟ್ಟೆಪ್ಪ ಬರುವ ಹೊತ್ತು ಅದು, ಆದರೆ ಅವನಿಗಾಗಿ ಕುಳಿತಿರುವುದಿಲ್ಲ. ಶೇಂಗಾ ಸುಲಿಯುತ್ತಿರುತ್ತೇನೆ. ಅವನು ಸೈಕಲ್ಲಿನಿಂದ ಇಳಿಯದೆ, “ಇವತ್ತೂ ಇಲ್ರಿ ಆಯಿ” ಎನ್ನುತ್ತಾನೆ. “ನಿನ್ನ ಯಾರ ಕೇಳ್ಯಾರೋ?” ಎನ್ನುತ್ತೇನೆ. ಈ ವರ್ಷ ಸುಲಿದಷ್ಟು ಶೇಂಗಾ ಯಾವ ವರ್ಷವೂ ಸುಲಿದಿಲ್ಲ. ನಿನ್ನ ಅಪ್ಪ ಚೀಲ ನೋಡಿ, “ಅವ್ವಾ, ಇಷ್ಟು ಶೇಂಗಾ ಯಾರ ತಿನ್ನಬೇಕು?” ಎಂದ. ನಾನು ಇನ್ನೊಂದು ಹಿಡಿ ಸುಲಿಯಲು ತೆಗೆದುಕೊಂಡೆ.

ಚಿಗರಿಯೂ ಕಟ್ಟೆಯ ಕೆಳಗೆ ಕುಳಿತಿರುತ್ತದೆ. ಕಾಲು ಉದ್ದವಾಗಿವೆ, ಮೈ ಬಡಕಲು, ಹೆಸರಿಗೆ ತಕ್ಕ ಹಾಗೆ ಚಿಗರಿ, ಜಿಂಕೆಯೇ ಆಗಿದೆ. ಶಾಲೆ ಬಿಟ್ಟು ಬರುವ ಹುಡುಗಿಯರ ಸಾಲಿನ ಕಡೆ ಕಿವಿ ನಿಮಿರಿಸುತ್ತದೆ. ಸಾಲು ಮುಗಿದ ಮೇಲೆ ಕಿವಿ ಮಡಿಚಿ ಕೂರುತ್ತದೆ. ಅದಕ್ಕೆ ತಿಳಿಹೇಳುವುದು ಹೇಗೆ? ನನಗೆ ಬರುವುದಿಲ್ಲ.

ದೀಪಾವಳಿಗೆ ನಿನಗೆ ಹಸಿರು ಲಂಗ ಹೊಲಿಸಲು ಕೊಟ್ಟಿದ್ದೇನೆ. ಉದ್ದ ಎಷ್ಟು ಬೆಳೆದೀ ತಿಳಿಯದೆ ಒಳಗೆ ಮಡಿಕೆ ಬಿಡಿಸಿದ್ದೇನೆ.

ನಿನ್ನ ಆಯಿ
ಗುರವ್ವ

---

ಕಿತ್ತೂರು
೨೭ ಸೆಪ್ಟೆಂಬರ್ ೧೯೯೮

ಆಯಿಗೆ ಶಿವಾನಿಯ ನಮಸ್ಕಾರಗಳು.

ತಡವಾಗಿ ಬರೆದದ್ದಕ್ಕೆ ಸಿಟ್ಟಾಗಬೇಡಿರಿ. ಗಣಿತದಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಅಂಕ ಬಂದಿವೆ.

ದೀಪಾವಳಿ ರಜೆಗೆ ನಾನು ಮನೆಗೆ ಬರುವುದಿಲ್ಲ. ದೂರದ ಊರಿನ ಕೆಲವು ಹುಡುಗಿಯರು ಇಲ್ಲೇ ಉಳಿಯುತ್ತಾರೆ. ನಾನೂ ಉಳಿಯುತ್ತೇನೆ. ಮನೆಗೆ ಬಂದರೆ ನಿಮ್ಮ ಹಾಸಿಗೆಯಲ್ಲಿ ಮಲಗಬೇಕಾಗುತ್ತದೆ. ನಿಮ್ಮ ಕೋಣೆಯಲ್ಲಿ ಲಿಂಗಪೂಜೆಯ ಮಣೆ ಇದೆ.

ನೀವು ಬರೆದಿದ್ದಿರಿ, ಗೂಡು ಹೊಲಸು ಮಾಡುವ ನಾಯಿ ಈ ಮನೆಯಲ್ಲಿ ದೀಪಾವಳಿಯ ದೀಪ ನೋಡುವುದಿಲ್ಲ ಎಂದು. ಚಿಗರಿಯನ್ನು ರಾಮದುರ್ಗಕ್ಕೆ ಕಳಿಸುವುದಾದರೆ ಮಾವನಿಗೆ ಹೇಳಿರಿ, ಬೇರೆ ನಾಯಿಗಳ ಎದುರು ಅದನ್ನು ಬೈಯಬಾರದು. ಬೆಳಗ್ಗೆ ಎಲ್ಲರೂ ಏಳುವ ಮೊದಲು ಅದರ ಹಾಸಿಗೆ ತೆಗೆಯಬೇಕು.

ಲಂಗವನ್ನು ಯಾರಿಗಾದರೂ ಕೊಡಿರಿ.

ನಾನು ಒಮ್ಮೆಯೂ ಅತ್ತಿಲ್ಲ ಆಯಿ. ವಾರ್ಡನ್ ಬಾಯಿಯನ್ನು ಬೇಕಾದರೆ ಕೇಳಿರಿ.

ನಿಮ್ಮ
ಶಿವಾನಿ

---

ಬೈಲಹೊಂಗಲ
೬ ಅಕ್ಟೋಬರ್ ೧೯೯೮

ನನ್ನ ಶಿವಾನಿ,

ನಿನ್ನ ಕಾಗದವನ್ನು ಶಟ್ಟೆಪ್ಪ ಸೈಕಲ್ಲಿನಿಂದ ಇಳಿದು ಕೈಗೆ ಕೊಟ್ಟ. ಕಟ್ಟೆಯ ಮೇಲೆಯೇ ಓದಿದೆ. ಓದಿ ಒಳಗೆ ಹೋದಾಗ ನಿನ್ನ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ಪಕ್ಕದಲ್ಲಿ ಕುಳಿತೆ. ಅಡುಗೆಮನೆಯ ನೆಲದ ಮೇಲೆ ನಾನು ಕುಳಿತದ್ದು ನೋಡಿ ಅವಳ ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಕಪ್ಪಾಯಿತು. ಬಹಳ ಹೊತ್ತು ಮಾತಾಡಿದೆವು. ನಿನ್ನ ಬಗ್ಗೆ ಅಲ್ಲ. ಇಬ್ಬರೂ ಚಿಗರಿಯ ಬಗ್ಗೆಯೇ ಮಾತಾಡಿದೆವು.

“ಅದಕ್ಕ ರೋಗ ಐತೇನು?” ಎಂದು ಕೇಳಿದೆ.

“ಇಲ್ರಿ. ಡಾಕ್ಟರಿಗಿ ತೋರಿಸ್ಯಾರಂತ. ಏನೂ ಇಲ್ಲಂದ್ರಂತ.”

“ಮತ್ತ?”

“ಒಂದ ಮಲಗಿ ರೂಢಿ ಇಲ್ರಿ ಅತ್ತಿ. ಹುಟ್ಟಿದಾಗಿಂದ ಯಾರರ ಮಗ್ಗಲದಾಗ ಮಲಗಿ ಬೆಳದೈತಿ. ಅಂಜತೈತಿ. ಅಂಜೀನಿ ಅಂತ ಹೇಳಾಕೂ ಅಂಜತೈತಿ.”

“ಯಾರಿಗಿ?”

ಮಧು ನನ್ನ ಮುಖ ನೋಡಿ ಹಂಚಿನ ಕಡೆ ತಿರುಗಿದಳು. ನಾನು ಮತ್ತೆ ಕೇಳಲಿಲ್ಲ. ಅವಳು ಸುಟ್ಟ ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಕೊಳ್ಳಲು ಹೋದಳು, ನಾನು ನನ್ನ ತಾಟಿಗೆ ಹಾಕಿಕೊಂಡೆ.

ಅಂದೇ ಗೌರೀಶನಿಂದ ಗೂಡು ಎತ್ತಿಸಿ ನನ್ನ ಕೋಣೆಗೆ ತರಿಸಿದೆ. “ಅವ್ವಾ, ಪೂಜಾದ ಕ್ವಾಣಿ ಐತಿ” ಎಂದು ಅವನು ಹೊಸ್ತಿಲ ಹೊರಗೇ ನಿಂತ. “ನನ್ನ ಲಿಂಗ ನನ್ನ ಕೊರಳಾಗೈತಿ. ಅದಕ್ಕ ಏನಾಗೂದಿಲ್ಲ. ನೀ ಗೂಡು ತಾ” ಎಂದೆ. ನನ್ನ ಮಂಚದ ಪಕ್ಕಕ್ಕೇ ಇಡಿಸಿದೆ. ನಿನ್ನ ಹಳೆಯ ಫ್ರಾಕು ಒಳಗೆ ಹಾಸಿದೆ. ಮೊದಲು ಅದು ನನ್ನನ್ನು ನೋಡಿ ಹಿಂಬದಿಗೆ ಸರಿಯಿತು. ನಾನು ಮಲಗಿ ಸರಳಿನ ನಡುವೆ ಕೈ ಇಳಿಬಿಟ್ಟೆ. ಕರೆಯಲಿಲ್ಲ, ನನಗೆ ಮುದ್ದಿನ ದನಿ ಬರುವುದಿಲ್ಲ, ನಿನಗೆ ಗೊತ್ತಿದೆ. ಬಹಳ ಹೊತ್ತಿನ ಮೇಲೆ ಬೆರಳಿಗೆ ತಣ್ಣನೆಯ ಮೂಗು ತಾಗಿತು. ಆಮೇಲೆ ಅದರ ತಲೆ ನನ್ನ ಅಂಗೈಯಲ್ಲಿತ್ತು. ಕೈ ಜೋಮು ಹಿಡಿಯಿತು. ತೆಗೆಯಲಿಲ್ಲ.

ಈಗ ಬೇಕಾದಾಗ ಅದು ಸರಳು ಕೆರೆಯುತ್ತದೆ. ಎದ್ದು ಹಿತ್ತಲಿಗೆ ಬಿಡುತ್ತೇನೆ. ಗೂಡು ಬಹುತೇಕ ಒಣಗಿರುತ್ತದೆ. ಮೊನ್ನೆ ಒಂದು ದಿನ ಮತ್ತೆ ತೊಯ್ದಿತ್ತು. ನಾನು ಬೈಯುತ್ತೇನೋ ಎಂದು ಮುಖ ನೋಡಿತು. ಫ್ರಾಕು ಬದಲಿಸಿದೆ, ಅದೂ ಮಲಗಿತು, ನಾನೂ ಮಲಗಿದೆ. ಲೋಕವೇನೂ ಮುಳುಗಲಿಲ್ಲ. ಬೆಳಗ್ಗೆ ಚನ್ನವ್ವ ಗೋಡೆಯ ಮೇಲಿಂದ, “ನಾಯಿ ಪಾಸಾತೇನ?” ಎಂದಳು. “ನಾ ಪಾಸಾಗಬೇಕಾಗಿತ್ತವಾ, ಅದಲ್ಲ” ಎಂದೆ. ಅವಳಿಗೆ ತಿಳಿಯಲಿಲ್ಲ.

ಇನ್ನು ಕೇಳು. ಜುಲೈ ತಿಂಗಳ ಕಾಗದದಲ್ಲಿ ದೀಪಾವಳಿಯ ದೀಪದ ಬಗ್ಗೆ ಒಂದು ಸಾಲು ಬರೆದಿದ್ದೆ. ಪೆನ್ನು ತೆಗೆದುಕೊಂಡು ಅದರ ಮೇಲೆ ಗೆರೆ ಎಳೆ. ದೊಡ್ಡವರ ಅಕ್ಷರದ ಮೇಲೆ ಗೆರೆ ಎಳೆಯಬಾರದೆಂದು ನಾನೇ ನಿನಗೆ ಕಲಿಸಿದ್ದೆ. ಈ ಒಂದು ಸಾಲಿಗೆ ಎಳೆ. ಚಿಗರಿ ಗೂಡು ಹೊಲಸು ಮಾಡಿದ ದಿನವೂ ಈ ಮನೆಯದೇ, ಮಾಡದ ದಿನವೂ ಈ ಮನೆಯದೇ. ಅಳದೆ ಹೋದರೆ ನಾಯಿ ಇರುತ್ತದೆ ಎಂದಿದ್ದೆನಲ್ಲ, ಆ ಕರಾರು ಮುಗಿಯಿತು. ಅತ್ತರೂ ನಾಯಿ ಇರುತ್ತದೆ.

ಲಂಗ ಹೊಲಿದು ಬಂದಿದೆ. ಅದನ್ನು ಯಾರಿಗೂ ಕೊಡುವುದಿಲ್ಲ. ರಜೆ ಬಿಡುವ ದಿನ ನಾನೇ ಬರುತ್ತೇನೆ. ಬಸ್ಸಿನಲ್ಲಿ ನಾಯಿಯನ್ನು ಹತ್ತಿಸಿಕೊಳ್ಳುವುದಿಲ್ಲವಂತೆ, ಅದಕ್ಕೆ ಹತ್ತಿಯ ಮೂಟೆ ಒಯ್ಯುವ ನಮ್ಮ ಟೆಂಪೋದಲ್ಲಿ, ಮುಂದಿನ ಸೀಟಿನಲ್ಲಿ. ಓಣಿಯವರು ನೋಡಲಿ. ಆದರೆ ನೀನು ಬರುತ್ತೇನೆ ಎಂದು ಬರೆದರೆ ಮಾತ್ರ ಬರುತ್ತೇನೆ. ರಜೆ ಮುಗಿದ ಮೇಲೆ ಆ ಶಾಲೆಗೆ ಹೋಗುವುದೋ ಬಿಡುವುದೋ, ಆ ಮಾತನ್ನು ಈ ಸಲ ನೀನು ಹೇಳು. ನಾನು ಕೇಳುತ್ತೇನೆ.

ಇದರ ಜೊತೆ ಗೌರೀಶನ ಕೈಯಲ್ಲಿ ಎರಡು ಕೌದಿ ಕಳಿಸಿದ್ದೇನೆ. ನನ್ನ ಹಳೆಯ ಇಳಕಲ್ ಸೀರೆ ಬಿಚ್ಚಿ, ಒಂದು ಬದಿಯಿಂದ ನಾನು, ಇನ್ನೊಂದು ಬದಿಯಿಂದ ನಿನ್ನ ಅವ್ವ ಹೊಲಿದದ್ದು. ಒಳಗೆ ಏನೂ ತುಂಬಿಲ್ಲ. ಕಿತ್ತೂರಿನಲ್ಲಿ ಮಳೆ ಹೆಚ್ಚು ಎಂದು ಬರೆದಿದ್ದೆಯಲ್ಲ, ಅದಕ್ಕೆ. ಇವು ತೆಳುವು. ತೊಳೆದು ಹಾಕಿದರೆ ಒಂದೇ ಬಿಸಿಲಿಗೆ ಒಣಗುತ್ತವೆ.

ನಿನ್ನ ದಾರಿ ನೋಡುವ
ಆಯಿ

---

ಕಿತ್ತೂರು
೧೩ ಅಕ್ಟೋಬರ್ ೧೯೯೮

ಆಯಿಗೆ,

ಅಪ್ಪ ಕೌದಿಗಳನ್ನು ಕೊಟ್ಟು ಹೋದರು. ನಿಮ್ಮ ಸೀರೆಯ ವಾಸನೆ ಇತ್ತು. ಹೊದ್ದುಕೊಂಡು ಅತ್ತೆ. ಬಹಳ ಅತ್ತೆ. ವಾರ್ಡನ್ ಬಾಯಿ ಪಕ್ಕದಲ್ಲಿ ಕುಳಿತಿದ್ದರು.

ಗೆರೆ ಎಳೆದೆ. ಸ್ಕೇಲ್ ಇಟ್ಟು ಎಳೆದೆ.

ಶನಿವಾರ ಮಧ್ಯಾಹ್ನ ಬಿಡುತ್ತಾರೆ. ಬರ್ರಿ. ಚಿಗರಿಯನ್ನು ಟೆಂಪೋದಿಂದ ಇಳಿಸಬೇಡಿರಿ, ಗೇಟಿನ ಹತ್ತಿರ ದಾರಿಯಲ್ಲಿ ಲಾರಿಗಳು ಓಡಾಡುತ್ತವೆ. ನಾನೇ ಓಡಿ ಬರುತ್ತೇನೆ. ಶಾಲೆಯ ಮಾತು ಮನೆಗೆ ಬಂದು ಹೇಳುತ್ತೇನೆ. ನನ್ನ ಹಾಸಿಗೆ ಗೂಡಿನ ಈ ಕಡೆಗೋ ಆ ಕಡೆಗೋ? ನಿಮ್ಮ ಕೈ ನನಗೂ ನಿಲುಕಬೇಕು.

ಒಂದು ಕೌದಿಯನ್ನು ನಿನ್ನೆ ಬೆಳಗ್ಗೆ ಎಲ್ಲರ ಎದುರಿಗೇ ತಂತಿಯ ಮೇಲೆ ಹಾಕಿದೆ. ಮಳೆ ಇರಲಿಲ್ಲ. ನೀವು ಹೇಳಿದ್ದು ಖರೆ ಆಯಿ, ಒಂದೇ ಬಿಸಿಲಿಗೆ ಒಣಗಿತು.

ನಿಮ್ಮ
ಶಿವಾನಿ